ತಮ್ಮನ ‘ಅಡುಗೆ’ ಆಟ

ಮೊನ್ನೆ ಗೌರಿಹಬ್ಬಕ್ಕೆ ಮದ್ದೂರಿಂದ ನನ್ನ ತಮ್ಮ ಬಾಗಿನ ತಗೊಂಡು ಬಂದಿದ್ದ. ಜೊತೇಲಿ ಒಂದು ಪೊಟ್ಟಣ ವಡೆ. ಊಟ ಆದ್ಮೇಲೆ ಪಾತ್ರೆ ತೊಳೆದು ಬಂದು ನೋಡಿದ್ರೆ ಮಾವ-ಅಳಿಯ ಇಬ್ರೂ ಟಿವಿ ಮುಂದೆ ಚಕ್ಕಳಮಕ್ಕಳ ಹಾಕ್ಕಂಡು ಸ್ಟ್ರೀಟ್ ಫೈಟರ್ ಆಡ್ತಾವ್ರೆ. ಒಬ್ಬನಿಗೆ ನಲವತ್ತಾರು, ನನ್ನ ಮಗನಿಗೆ ಮೂವತ್ತು. ಆ ಆಟದ ಹೆಸ್ರು ಕೇಳ್ತಿದ್ದಂಗೆ ನನಗೆ ಹೊಟ್ಟೇಲಿ ಕಿವುಚಿದಂಗಾಯ್ತು ಕಣ್ರವ್ವ. ಯಾಕೆ ಅಂತ ಹೇಳ್ತೀನಿ.

1994ನೇ ಇಸವಿ. ಹೆರಿಗೆಗೆ ಅಂತ ಮಳವಳ್ಳಿಯಿಂದ ಮಂಡ್ಯದ ತವರುಮನೆಗೆ ಬಂದಿದ್ದೆ. ತಮ್ಮ ಆಗ ಎಸ್ಸೆಸ್ಸೆಲ್ಸಿ. ಸ್ಕೂಲು ಬಿಟ್ಟು ಎರಡು ಗಂಟೆ ಆದ್ರೂ ಮನೆಗೆ ಬರ್ತಿರಲಿಲ್ಲ. ರಾತ್ರಿ ನಿದ್ದೇಲಿ ‘ಅಡೂಕೆ, ಅಡೂಕೆ’ ಅಂತಿದ್ದ. ನಮ್ಮವ್ವ, “ಪಾಪ, ಅಡುಗೆ ಅಡುಗೆ ಅಂತದೆ ಮಗ, ಹಸಿವು ಕಣೇ ಅದ್ಕೆ” ಅಂತ ಮಾರನೇ ದಿನದಿಂದ ಅವನಿಗೆ ಒಂದು ಮುದ್ದೆ ಜಾಸ್ತಿ ಕಟ್ಟೋಳು.

ಒಂದಿನ ಸೀಮೆಎಣ್ಣೆಗೆ ಅಂತ ಡಬ್ಬೀಲಿ ಇಟ್ಟಿದ್ದ ಕಾಸು ಕಾಣೆ. ತುಂಬು ಬಸುರಿ ನಾನೇ ಹುಡುಕ್ಕಂಡು ಹೋದೆ. ಬಸ್ ಸ್ಟ್ಯಾಂಡ್ ತಾವ ಒಂದು ಕತ್ತಲೆ ಅಂಗಡಿ. ಒಳಗೆ ಬೀರು ಹಂಗಿರೋ ನಾಲ್ಕು ಮಿಷನ್ನು, ಸುತ್ತ ಹುಡುಗ್ರು. ನಮ್ಮ ಹುಡುಗ ಮೈಮೇಲೆ ದೇವರು ಬಂದೋನಂಗೆ ಗುಂಡಿ ಕುಟ್ತಾವ್ನೆ. ನಾನು ಕರೀಲಿಲ್ಲ. ಸೀದಾ ಬಂದು ಅಪ್ಪನಿಗೆ ಹೇಳ್ಬಿಟ್ಟೆ. ಹುಣಸೆ ಬರಲು ಮುರಿಯೋವರ್ಗೂ ಹೊಡೆದ್ರು. ನನಗೆ ಮಗ ಹುಟ್ಟಿದಾಗ ಅವನು ತೊಟ್ಟಿಲು ನೋಡ್ದ, ನನ್ನ ಮುಖ ನೋಡ್ಲಿಲ್ಲ.

ಕದ್ದದ್ದು ತಪ್ಪೇ. ಆದ್ರೆ ಅಲ್ಲಿ ಅವನು ಆಡ್ತಿದ್ದುದಾದ್ರೂ ಏನು ಅಂತ ಮನೇಲಿ ಒಬ್ರೂ ಕೇಳ್ಲಿಲ್ಲ. ಈಗ ಕೇಳಿ, ಒಂದಷ್ಟು ಓದಿ ತಿಳ್ಕಂಡೆ.

ಇದು ಜಪಾನಿನ ಒಸಾಕಾ ಊರಿನ ಕ್ಯಾಪ್ಕಾಮ್ ಅನ್ನೋ ಕಂಪನಿ ಮಾಡಿದ ಆಟ. ಮೊದಲನೇದು 1987ರಲ್ಲಿ ಬಂತು. ಲೋಕಕ್ಕೆಲ್ಲ ಹುಚ್ಚು ಹಿಡಿಸಿದ್ದು 1991ರ ಎರಡನೇದು. ಒಂದು ಕಡ್ಡಿ, ಆರು ಗುಂಡಿ. ಮೂರು ಗುದ್ದೋಕೆ, ಮೂರು ಒದೆಯೋಕೆ. ಎಂಟು ಜನ ಜಟ್ಟಿಗಳಲ್ಲಿ ನಮಗೆ ಬೇಕಾದೋರನ್ನ ಆರಿಸ್ಕಬಹುದು. ನಮ್ಮ ಕಡೆ ಗರಡೀಲಿ ಇರ್ತವಲ್ಲ, ಹಂಗೆ ಒಬ್ಬೊಬ್ಬರಿಗೂ ಬೇರೆಬೇರೆ ಪಟ್ಟು. ಕಡ್ಡೀನ ಕೆಳಗೊತ್ತಿ ಮುಂದಕ್ಕೆ ಹೊರಳಿಸಿ ಗುದ್ದಿದ್ರೆ ರ್‍ಯೂ ಅನ್ನೋನ ಅಂಗೈಯಿಂದ ಬೆಂಕಿ ಉಂಡೆ ಹೋಯ್ತದೆ. ಅದರ ಹೆಸ್ರೇ ‘ಹಡೋಕೆನ್’. ಅವ್ವನ ಅಡುಗೆ!

ಎಂಟರಲ್ಲಿ ಹೆಣ್ಣು ಒಬ್ಬಳೇ, ಚುನ್-ಲಿ. ಚೀನಾದ ಪೊಲೀಸಮ್ಮ, ಅಪ್ಪನ್ನ ಕೊಂದೋನನ್ನ ಹುಡುಕ್ಕಂಡು ಹೊರಟೋಳು. ನಮ್ಮ ದೇಶದೋನೂ ಒಬ್ಬ ಅವ್ನೆ, ಧಾಲ್ಸಿಂ ಅಂತ. ಕೊರಳಿಗೆ ತಲೆಬುರುಡೆ ಸರ, ಕೈಕಾಲು ಶಾವಿಗೆಯಂಗೆ ಉದ್ದ ಆಯ್ತವೆ, ಬಾಯಲ್ಲಿ ಬೆಂಕಿ ಉಗುಳ್ತಾನೆ, ಹಿಂದೆ ಆನೆಗಳು ನಿಂತಿರ್ತವೆ. ಅದೆಲ್ಲ ಯೋಗ ಮಾಡಿ ಕಲ್ತಿದ್ದಂತೆ! ನಮ್ಮ ಬೀದಿ ಯೋಗದ ಕ್ಲಾಸಿನೋರು ಬೆನ್ನುನೋವು ಹೋಯ್ತು ಅಂದಿದ್ದು ಕೇಳಿವ್ನಿ, ಬೆಂಕಿ ಉಗುಳಿದ್ದು ನೋಡಿಲ್ಲ.

ನನಗೆ ಇಷ್ಟ ಆದದ್ದು ಅದರ ಸಂಗೀತದ ಕತೆ. ಹೆಚ್ಚಿನದನ್ನೆಲ್ಲ ಮಾಡ್ದೋಳು ಯೋಕೊ ಶಿಮೊಮುರಾ ಅನ್ನೋ ಹೆಣ್ಣುಮಗಳು. ಪಿಯಾನೊ ಓದಿದ್ಲು, ಮೇಷ್ಟ್ರ ಕೆಲ್ಸ ಮಾಡ್ಕಂಡು ಇರಬಹುದಾಗಿತ್ತು. ಅದು ಬಿಟ್ಟು ಆಟದ ಕಂಪನಿ ಸೇರ್ತೀನಿ ಅಂದಾಗ ಮನೆಯೋರು, ಕಲಿಸಿದೋರು ಎಲ್ಲ ಬೇಜಾರು ಮಾಡ್ಕಂಡ್ರಂತೆ. ಅಲ್ಲೂ ನಮ್ಮಂಥೋರೇ ಇದ್ರಲ್ಲ ಅನ್ನಿಸ್ತು.

ಒಂದೇಟಿಂದ ಎದುರಾಳಿ ಸುಧಾರಿಸ್ಕಳೋಕೆ ಮುಂಚೆ ಇನ್ನೊಂದು, ಮತ್ತೊಂದು ಬಿಗಿಯೋದಕ್ಕೆ ‘ಕಾಂಬೊ’ ಅಂತಾರೆ. ಅದು ಬೇಕು ಅಂತ ಮಾಡಿದ್ದಲ್ಲವಂತೆ. ಮಾಡ್ದೋರ ಕಣ್ತಪ್ಪಿ ಒಳಗೆ ಸೇರ್ಕಂಡಿತ್ತು, ಆಮೇಲೆ ಗೊತ್ತಾದ್ರೂ ತೆಗೀದೆ ಬಿಟ್ರು. ಇವತ್ತು ಹೊಡೆದಾಟದ ಆಟ ಅಂದ್ರೆ ಅದಿಲ್ದೆ ನಡೆಯೋದೇ ಇಲ್ಲ.

ಇಷ್ಟು ವರ್ಷ ಯಾಕೆ ಉಳೀತು ಅಂತ ತಮ್ಮನ್ನ ಕೇಳ್ದೆ. “ಪಕ್ಕದಲ್ಲಿ ಮನುಷ್ಯ ಇರ್ತಾನಲ್ಲಕ್ಕ” ಅಂದ. ಮಿಷನ್ ಮಾಡೋ ಆಟ ಒಂದು ವಾರಕ್ಕೆ ಗೊತ್ತಾಗೋಯ್ತದೆ. ಮನುಷ್ಯ ಇವತ್ತು ಮಾಡಿದ್ದು ನಾಳೆ ಮಾಡಲ್ಲ. ಚೌಕಾಬಾರ ಆಡಿದೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಇನ್ನೊಂದು ಮಾತು ಹೇಳ್ದ. ಆ ಅಂಗಡೀಲಿ ಸೋತೋನು ಜಾಗ ಬಿಡಬೇಕು, ಗೆದ್ದೋನು ಅದೇ ರೂಪಾಯಲ್ಲಿ ನಿಂತ್ಕಂಡು ಮುಂದಿನೋನ ಜೊತೆ ಆಡಬಹುದು. “ಕೈ ಪಳಗಿದ ಮೇಲೆ ಒಂದು ರೂಪಾಯಲ್ಲಿ ಒಂದು ಗಂಟೆ ನಿಲ್ತಿದ್ದೆ ಕಣಕ್ಕ. ಸೀಮೆಎಣ್ಣೆ ಕಾಸು ಕದ್ದಿದ್ದು ಸೋಲ್ತಿದ್ದಾಗ.” ಮೂವತ್ತು ವರ್ಷಕ್ಕೆ ಆ ಮಾತು ಅವನ ಬಾಯಿಂದ ಬಂದಿದ್ದು ಅದೇ ಮೊದಲು.

ಆಟದೋರಲ್ಲಿ ದೊಡ್ಡ ಹೆಸರು ಜಪಾನಿನ ಡೈಗೊ ಉಮೆಹರಾ. 2004ರಲ್ಲಿ ಅಮೆರಿಕದ ಇವೊ ಪಂದ್ಯದಲ್ಲಿ, ಇದರ ಮೂರನೇ ಆಟದಲ್ಲಿ, ಅವನ ಪ್ರಾಣ ಎಳ್ಳಿನಷ್ಟು ಉಳಿದಿತ್ತು. ಎದುರಿನ ಜಸ್ಟಿನ್ ವಾಂಗ್‌ನ ಚುನ್-ಲಿ ಒಂದೇ ಸಮ ಒದೀತಾಳೆ. ಹದಿನೈದು ಒದೆತ, ಒಂದೂ ಬಿಡದಂಗೆ ತಡೆದು ತಿರುಗಿ ಹೊಡೆದು ಗೆದ್ದ. ಮಗ ಫೋನಲ್ಲಿ ತೋರಿಸ್ದ, ಜನ ಕೂಗೋದು ಕೇಳಿ ನನಗೂ ಮೈ ಜುಂ ಅಂತು. ಅಂಥೋನು ನಡುವೆ ಆಟ ಬಿಟ್ಟು ವಯಸ್ಸಾದೋರ ಆರೈಕೆ ಮಾಡೋ ಕಡೆ ಕೆಲಸಕ್ಕಿದ್ದು, ಆಮೇಲೆ ವಾಪಸ್ ಬಂದ.

2023ರಲ್ಲಿ ಚೀನಾದ ಹಾಂಗ್‌ಝೌ ಊರಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಈ ಆಟಕ್ಕೂ ಪದಕ ಇಟ್ಟಿದ್ರು. ಚಿನ್ನ ಗೆದ್ದೋನು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ, ನಲವತ್ನಾಲ್ಕು ವರ್ಷದೋನು. ಅವನೂ ಚಿಕ್ಕಂದಿನಲ್ಲಿ ಇಂಥದೇ ಅಂಗಡೀಲಿ ಕಾಸು ಹಾಕಿ ಕಲ್ತೋನು. ಗೆದ್ದ ಮೇಲೆ ಅಮ್ಮನ ಮಾತು ಬಂದಾಗ ಅತ್ತುಬಿಟ್ಟನಂತೆ. ಲೆಕ್ಕ ಹಾಕ್ದೆ, ನನ್ನ ತಮ್ಮನ ವಾರಗೆಯೋನೇ. ಎಲ್ರೂ ಚಿನ್ನ ಗೆಲ್ತಾರೆ ಅಂತಲ್ಲ, ನಮ್ಮೋನು ಗೆಲ್ತಿರಲೂ ಇಲ್ಲ ಬಿಡಿ. ಆದ್ರೂ ಆ ಬರಲು ಮುರಿದ ಸದ್ದು ಕಿವೀಲಿ ಬಂತು.

ಮಗ ತಂದಿರೋದು ಆರನೇ ಆಟ. ಚಿತ್ರ ಎಲ್ಲ ಸಿನಿಮಾ ಥರ. ಟ್ರ್ಯಾಕ್ಟರ್ ರಿಪೇರಿ ಮಾಡಿ ಮಾಡಿ ಗ್ರೀಸ್ ಮೆತ್ಕಂಡಿರೋ ತಮ್ಮನ ಹೆಬ್ಬೆರಳು ಕೆಳಗೆ ಒತ್ತಿ ಮುಂದಕ್ಕೆ ಹೊರಳ್ತು. ಬೆಂಕಿ ಉಂಡೆ ಹೋಯ್ತು. ಮೂವತ್ತು ವರ್ಷದ ಹಿಂದಿನ ಪಟ್ಟು ಹಂಗಂಗೇ ನಡೀತದೆ!

ವಡೆ ತಟ್ಟೆ ಇಟ್ಟು ನಾನೂ ಪಕ್ಕ ಕೂತೆ. “ನನಗೂ ಕೊಡ್ಲಾ” ಅಂದೆ. ಪೊಲೀಸಮ್ಮನ್ನ ಆರಿಸ್ಕಂಡೆ, ಸಿಕ್ಕಿದ ಗುಂಡಿ ಎಲ್ಲ ಒತ್ತಿದೆ. ಎಂಟು ಎಣಿಸೋದ್ರೊಳಗೆ ಅಂಗಾತ ಬಿದ್ದಿದ್ಲು. ತಮ್ಮ ನನ್ನ ಕಡೆ ತಿರುಗಿ ಅಂಗೈ ಚಾಚಿದ.

“ಇನ್ನೊಂದ್ ರೂಪಾಯಿ ಹಾಕಕ್ಕ.”