ಎದುರಿಗೊಂದು ಅಂಗಡಿ ಇದ್ರೇನೇ ರೇಟು ಇಳಿಯೋದು: ಇಂಟೆಲ್, ಎಎಂಡಿ ಮತ್ತು ನಮ್ಮ ಮುಂದಿನ ಪಿಸಿ

ಹೊಸದಾಗಿ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸ್ಬೇಕು ಅಂತಿರೋರು ಕೇಳೋದು ಒಂದೇ ಪ್ರಶ್ನೆ. ಈಗ ಸಿಗೋ ಪ್ರೊಸೆಸರ್ ತಗೊಂಡುಬಿಡೋದಾ, ಇಲ್ಲಾ ಮುಂದಿನದು ಬರೋವರೆಗೂ ಕಾಯೋದಾ? ಇಂಟೆಲ್ ತನ್ನ ಮುಂದಿನ ಡೆಸ್ಕ್‌ಟಾಪ್ ಚಿಪ್‌ಗೆ ನೋವಾ ಲೇಕ್ ಅಂತ ಹೆಸರಿಟ್ಟಿದೆ, 2026ರ ಕೊನೆಗೆ ಬರುತ್ತೆ ಅಂತ ಹೇಳಿದೆ. ಎಎಂಡಿ ಕಡೆಯಿಂದ ಝೆನ್ 6 ಅನ್ನೋ ಹೊಸ ವಿನ್ಯಾಸ ಬರಬೇಕಿದೆ. ಯೂಟ್ಯೂಬ್ ತೆಗೆದ್ರೆ ಸಾಕು, ಇಷ್ಟು ಕೋರ್ ಅಂತೆ, ಅಷ್ಟು ಗಿಗಾಹರ್ಟ್ಸ್ ಅಂತೆ ಅಂತ ಅಂತೆಕಂತೆಗಳ ಸಂತೆ.

ನಾನು ಓದಿದ್ದು ಬಿಕಾಂ. ಚಿಪ್ ಒಳಗಿನ ಸರ್ಕ್ಯೂಟ್‌ಗಿಂತ ಅದರ ಬಿಲ್ಲೇ ನನಗೆ ಮೊದಲು ಕಾಣೋದು. ಹಾಗಾಗಿ ಇವತ್ತು ಆ ಅಂತೆಕಂತೆಗಳನ್ನ ಪಕ್ಕಕ್ಕಿಡೋಣ. ಈ ಎರಡು ಕಂಪನಿಗಳು ಹಿಂದೆ ಏನು ಹೇಳಿದ್ವು, ಏನು ಕೊಟ್ವು, ಎಷ್ಟು ದುಡ್ಡು ತಗೊಂಡ್ವು ಅಂತ ನೋಡೋಣ. ಐವತ್ತು ವರ್ಷ ದಾಟಿದ ಈ ಜಗಳದಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತೆ. ಎದುರು ಅಂಗಡಿಯವನು ಗಟ್ಟಿಯಾಗಿದ್ದಾಗ ನಮಗೆ ಒಳ್ಳೇ ಮಾಲು ಸಿಕ್ಕಿದೆ. ಅವನು ಬಿದ್ದಾಗ, ಉಳಿದವನು ನಮ್ಮನ್ನ ಕಾಯಿಸಿದ್ದಾನೆ.

ಒಂದೇ ಮನೆಯಿಂದ ಹೊರಟವರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಅಂತ ಒಂದು ಕಂಪನಿ ಇತ್ತು. ಅಲ್ಲಿಂದ ಹೊರಬಂದ ರಾಬರ್ಟ್ ನಾಯ್ಸ್ ಮತ್ತು ಗೋರ್ಡನ್ ಮೂರ್ 1968ರಲ್ಲಿ ಇಂಟೆಲ್ ಶುರು ಮಾಡಿದ್ರು. ಅದೇ ಫೇರ್‌ಚೈಲ್ಡ್ ಬಿಟ್ಟ ಜೆರ್ರಿ ಸ್ಯಾಂಡರ್ಸ್ ಏಳು ಜನ ಸಹೋದ್ಯೋಗಿಗಳ ಜೊತೆ 1969ರಲ್ಲಿ ಎಎಂಡಿ ಕಟ್ಟಿದ್ರು. ನಾಯ್ಸ್, ಮೂರ್ ಇಬ್ಬರೂ ವಿಜ್ಞಾನಿಗಳು. ಸ್ಯಾಂಡರ್ಸ್ ಮಾರಾಟ ವಿಭಾಗದಿಂದ ಬಂದವರು. ಇಂಟೆಲ್ 1971ರಲ್ಲಿ 4004 ಅನ್ನೋ ಮೈಕ್ರೋಪ್ರೊಸೆಸರ್ ಮಾರುಕಟ್ಟೆಗೆ ತಂತು. ಅದರಲ್ಲಿ ಇದ್ದಿದ್ದು ಸುಮಾರು 2,300 ಟ್ರಾನ್ಸಿಸ್ಟರ್.

ಇವರಿಬ್ಬರನ್ನ ಒಂದೇ ದಾರಕ್ಕೆ ಕಟ್ಟಿದ್ದು ಐಬಿಎಂ. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡ್ತು. ಅದಕ್ಕೆ ಆರಿಸಿಕೊಂಡಿದ್ದು ಇಂಟೆಲ್‌ನ 8088 ಚಿಪ್. ಆದ್ರೆ ದೊಡ್ಡ ಕಂಪನಿಗಳು ಒಂದೇ ಕಡೆಯಿಂದ ಮಾಲು ತರಿಸೋಕೆ ಹೆದರ್ತವೆ. ಆ ಒಂದು ಫ್ಯಾಕ್ಟರಿ ನಿಂತ್ರೆ ನಮ್ಮ ಗತಿ ಏನು ಅನ್ನೋ ಭಯ. ಅದೇ ಚಿಪ್ಪನ್ನ ಇನ್ನೊಬ್ಬರೂ ತಯಾರಿಸಬೇಕು ಅನ್ನೋದು ಐಬಿಎಂ ಪಟ್ಟು. ಇದಕ್ಕೆ ಸೆಕೆಂಡ್ ಸೋರ್ಸ್ ಅಂತಾರೆ. 1982ರಲ್ಲಿ ಇಂಟೆಲ್ ಮತ್ತು ಎಎಂಡಿ ನಡುವೆ ತಂತ್ರಜ್ಞಾನ ಹಂಚಿಕೊಳ್ಳೋ ಒಪ್ಪಂದ ಆಯ್ತು.

ಯೋಚನೆ ಮಾಡಿ. ಇವತ್ತು ನಾವು ಅಂಗಡಿಯಲ್ಲಿ ನಿಂತು ಇಂಟೆಲ್ಲಾ, ಎಎಂಡಿನಾ ಅಂತ ಕೇಳೋಕೆ ಆಗ್ತಿರೋದು ಇಂಟೆಲ್ ದೊಡ್ಡ ಮನಸ್ಸು ಮಾಡಿದ್ರಿಂದ ಅಲ್ಲ. ಒಬ್ಬ ದೊಡ್ಡ ಗಿರಾಕಿ ಹಟ ಹಿಡಿದಿದ್ರಿಂದ.

ಬಾಗಿಲು ಹಾಕಿದ ಇಂಟೆಲ್

1985ರಲ್ಲಿ 386 ಚಿಪ್ ಬಂತು. ಅಷ್ಟೊತ್ತಿಗೆ ಇಂಟೆಲ್‌ಗೆ ತನ್ನ ಬಲ ಗೊತ್ತಾಗಿತ್ತು. 386ರ ವಿನ್ಯಾಸವನ್ನ ಎಎಂಡಿಗೆ ಕೊಡಲ್ಲ ಅಂತ ಕೂತುಬಿಡ್ತು. ವಿಷಯ ಪಂಚಾಯ್ತಿಗೆ ಹೋಯ್ತು, ಕೋರ್ಟಿಗೂ ಹೋಯ್ತು. ಕೊನೆಗೆ 1994ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಎಎಂಡಿ ಪರವಾಗಿದ್ದ ಮಧ್ಯಸ್ಥಗಾರರ ತೀರ್ಪನ್ನ ಎತ್ತಿಹಿಡೀತು. ಆದ್ರೆ ಎಎಂಡಿ ಅಲ್ಲಿವರೆಗೂ ಕೈಕಟ್ಟಿ ಕೂರಲಿಲ್ಲ. 386 ಹೇಗೆ ಕೆಲಸ ಮಾಡುತ್ತೆ ಅಂತ ತಾನೇ ಬಿಡಿಸಿ ನೋಡಿ, 1991ರಲ್ಲಿ ತನ್ನದೇ ಎಎಂ386 ಬಿಡ್ತು. ಇಂಟೆಲ್‌ನ 386 33 ಮೆಗಾಹರ್ಟ್ಸ್‌ಗೆ ನಿಂತಿತ್ತು, ಎಎಂಡಿಯದು 40ಕ್ಕೆ ಓಡ್ತು.

386 ಅನ್ನೋದು ಬರೀ ಸಂಖ್ಯೆ, ಅದನ್ನ ಟ್ರೇಡ್‌ಮಾರ್ಕ್ ಮಾಡೋಕಾಗಲ್ಲ ಅಂತ ಕೋರ್ಟ್ ಹೇಳಿದ್ರಿಂದ ಇಂಟೆಲ್ ಸಂಖ್ಯೆ ಬಿಟ್ಟು ಹೆಸರಿಗೆ ಬಂತು. 1993ರ ಪೆಂಟಿಯಂ ಹುಟ್ಟಿದ್ದು ಹಾಗೆ. ಆ ಪೆಂಟಿಯಂ ತಂಡವನ್ನ ಮುನ್ನಡೆಸಿದವರು ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್. ಆಮೇಲೆ ಅವರು ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಅನ್ನೋ ಸಣ್ಣ ಕಂಪನಿ ಸೇರಿದ್ರು. ಆ ಕಂಪನಿಯನ್ನ ಎಎಂಡಿ ಕೊಂಡುಕೊಳ್ತು. ಅಲ್ಲಿಂದ ಬಂದಿದ್ದು 1997ರ ಕೆ6. ಅದು ಪೆಂಟಿಯಂ ಮದರ್‌ಬೋರ್ಡ್‌ನ ಸಾಕೆಟ್‌ಗೇ ಕೂರ್ತಿತ್ತು.

ಗಿಗಾಹರ್ಟ್ಸ್ ಹುಚ್ಚು

2000ದ ಮಾರ್ಚ್ 6ಕ್ಕೆ ಎಎಂಡಿ 1 ಗಿಗಾಹರ್ಟ್ಸ್ ಚಿಪ್ ಘೋಷಿಸ್ತು. ಎರಡೇ ದಿನಕ್ಕೆ, ಮಾರ್ಚ್ 8ಕ್ಕೆ, ಇಂಟೆಲ್ ಕೂಡ ತನ್ನದನ್ನ ಘೋಷಿಸ್ತು. ಅಷ್ಟು ಸಮಸಮ ಇತ್ತು ಪೈಪೋಟಿ.

ಅದೇ ವರ್ಷದ ಕೊನೆಗೆ ಪೆಂಟಿಯಂ 4 ಬಂತು. ಇಂಟೆಲ್ ಪೂರ್ತಿ ಗಿಗಾಹರ್ಟ್ಸ್ ಮೇಲೇ ಬಾಜಿ ಕಟ್ಟಿತ್ತು. ವೇಗ ಏರಿದ ಹಾಗೆ ಚಿಪ್ ಕಾದ ಹೆಂಚಿನ ಹಾಗೆ ಆಯ್ತು. ಮುಂದೆ ಬರಬೇಕಿದ್ದ ತೇಜಸ್ ಅನ್ನೋ ಚಿಪ್ಪನ್ನ 2004ರ ಮೇನಲ್ಲಿ ಕೈಬಿಟ್ರು. ಅದೇ ಅಕ್ಟೋಬರ್‌ನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ಕೂಡ ಬರಲ್ಲ ಅಂದ್ರು. ಆಗಿನ ಸಿಇಒ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆ ಮೇಲೆ ಮಂಡಿಯೂರಿ ಕ್ಷಮೆ ಕೇಳಿದ್ರು. ಪೆಂಟಿಯಂ 4 3.8 ಗಿಗಾಹರ್ಟ್ಸ್‌ಗೇ ನಿಂತುಹೋಯ್ತು. ಮುಂಬರುವ ಚಿಪ್ ಅನ್ನೋದು ಬಾಕ್ಸ್‌ನಲ್ಲಿ ಕೈಗೆ ಬರೋವರೆಗೂ ಬರೀ ಮಾತು ಅನ್ನೋಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇತ್ತ ಎಎಂಡಿ 2003ರಲ್ಲಿ ಹಳೇ 32 ಬಿಟ್ ಪ್ರೋಗ್ರಾಂಗಳನ್ನೂ ಓಡಿಸೋ 64 ಬಿಟ್ ಚಿಪ್‌ಗಳನ್ನ ತಂತು. ಇಂಟೆಲ್ 64 ಬಿಟ್‌ಗೆ ಅಂತ ಇಟಾನಿಯಂ ಅನ್ನೋ ಬೇರೆಯದೇ ದಾರಿ ಹಿಡಿದಿತ್ತು. ಕೊನೆಗೆ 2004ರಲ್ಲಿ ತನ್ನ ಎಕ್ಸ್86 ಚಿಪ್‌ಗಳಿಗೆ ಎಎಂಡಿಯ ಪದ್ಧತಿಯನ್ನೇ ತಗೊಳ್ತು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಚಿಪ್ ಇದ್ರೂ, ಲಿನಕ್ಸ್ ಡೌನ್‌ಲೋಡ್ ಮಾಡುವಾಗ ಫೈಲ್ ಹೆಸರಲ್ಲಿ ಎಎಂಡಿ64 ಅಂತ ಇರುತ್ತಲ್ಲ, ಅದು ಈ ಕಾಲದ ಗುರುತು.

ಮಾಲು ಚೆನ್ನಾಗಿತ್ತು, ಮಾರಾಟ ಕಷ್ಟ ಇತ್ತು

ಹಾಗಾದ್ರೆ ಎಎಂಡಿ ಆಗಲೇ ಗೆಲ್ಲಬೇಕಿತ್ತಲ್ವಾ? ಚಿಪ್ ಚೆನ್ನಾಗಿದ್ರೆ ಸಾಲದು, ಕಂಪ್ಯೂಟರ್ ತಯಾರಿಸೋ ದೊಡ್ಡ ಕಂಪನಿಗಳು ಅದನ್ನ ಹಾಕಬೇಕು. ತನ್ನ ಚಿಪ್ಪನ್ನೇ ಹೆಚ್ಚಾಗಿ ಬಳಸೋ ಕಂಪನಿಗಳಿಗೆ ಇಂಟೆಲ್ ರಿಯಾಯಿತಿ ಕೊಟ್ಟು ಎಎಂಡಿಗೆ ದಾರಿ ಮುಚ್ಚಿದೆ ಅಂತ ಯುರೋಪಿಯನ್ ಆಯೋಗ 2009ರಲ್ಲಿ 106 ಕೋಟಿ ಯೂರೋ ದಂಡ ಹಾಕ್ತು. ಅದೇ ವರ್ಷ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ಜಗಳ ರಾಜಿ ಮಾಡಿಕೊಳ್ತು. ಇದರ ಇನ್ನೊಂದು ಮುಖವನ್ನೂ ಹೇಳ್ಬೇಕು. ಯುರೋಪಿನ ಆ ದಂಡವನ್ನ 2022ರಲ್ಲಿ ನ್ಯಾಯಾಲಯ ರದ್ದು ಮಾಡ್ತು. ಕೇಸಿನ ಉಳಿದ ಭಾಗಕ್ಕೆ ಆಯೋಗ 2023ರಲ್ಲಿ ಮತ್ತೆ 37.6 ಕೋಟಿ ಯೂರೋ ಹಾಕ್ತು.

ಎಎಂಡಿ ತನ್ನ ಕಾಲಿಗೆ ತಾನೂ ಕೊಡಲಿ ಹಾಕಿಕೊಳ್ತು. 2006ರಲ್ಲಿ ಎಟಿಐ ಅನ್ನೋ ಗ್ರಾಫಿಕ್ಸ್ ಕಂಪನಿಯನ್ನ 540 ಕೋಟಿ ಡಾಲರ್‌ಗೆ ಕೊಂಡು ಸಾಲ ತಲೆಮೇಲೆ ಹೊತ್ಕೊಂಡ್ತು. ಅದೇ ವರ್ಷ ಇಂಟೆಲ್‌ನ ಕೋರ್ 2 ಡ್ಯುಯೋ ಬಂದು ಮೈದಾನವನ್ನೇ ಬದಲಾಯಿಸ್ತು. 2009ರಲ್ಲಿ ಎಎಂಡಿ ತನ್ನ ಫ್ಯಾಕ್ಟರಿಗಳನ್ನ ಬೇರೆ ಕಂಪನಿ ಮಾಡಿ ಕೈತೊಳ್ಕೊಂಡ್ತು. 2011ರಲ್ಲಿ ಬಹಳ ದಿನದಿಂದ ಹೇಳ್ತಾ ಬಂದಿದ್ದ ಬುಲ್ಡೋಜರ್ ಬಂತು. ಡಬ್ಬಿ ಮೇಲೆ 8 ಕೋರ್ ಅಂತ ಇತ್ತು. ಆದ್ರೆ ಎರಡೆರಡು ಕೋರ್‌ಗಳು ಒಳಗಿನ ಕೆಲವು ಭಾಗಗಳನ್ನ ಹಂಚಿಕೊಳ್ತಿದ್ವು. ಇದನ್ನ 8 ಕೋರ್ ಅಂತ ಮಾರಿದ್ದು ಸರಿಯಲ್ಲ ಅಂತ ಗ್ರಾಹಕರು ಕೇಸ್ ಹಾಕಿದ್ರು. 2019ರಲ್ಲಿ 1.21 ಕೋಟಿ ಡಾಲರ್‌ಗೆ ರಾಜಿ ಆಯ್ತು. 2015ರಲ್ಲಿ ಎಎಂಡಿಯ ಒಂದು ಷೇರು 2 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು.

ಪೈಪೋಟಿ ಇಲ್ಲದ ಆರು ವರ್ಷ

ಈಗ ಈ ಕಥೆಯ ಮುಖ್ಯ ಲೆಕ್ಕಕ್ಕೆ ಬರ್ತೀನಿ. 2011ರ ಜನವರಿಯಲ್ಲಿ ಇಂಟೆಲ್ ಕೋರ್ ಐ7 2600ಕೆ ತಂತು. 4 ಕೋರ್, 317 ಡಾಲರ್. 2017ರ ಜನವರಿಯಲ್ಲಿ ಕೋರ್ ಐ7 7700ಕೆ ಬಂತು. ಅದೂ 4 ಕೋರ್, 339 ಡಾಲರ್. ನಡುವೆ ಆರು ವರ್ಷ. ಒಂದೊಂದು ಕೋರ್‌ನ ವೇಗ ಸ್ವಲ್ಪ ಏರಿತ್ತು, ಕರೆಂಟ್ ಬಳಕೆ ಸುಧಾರಿಸಿತ್ತು, ಇಲ್ಲ ಅನ್ನಲ್ಲ. ಆದ್ರೆ 8 ಕೋರ್ ಬೇಕು ಅಂದ್ರೆ ಇಂಟೆಲ್‌ನಲ್ಲಿ ಬೇರೆ ಸಾಲಿನ ಚಿಪ್ಪೇ ತಗೋಬೇಕಿತ್ತು. 2016ರಲ್ಲಿ ಬಂದ 6900ಕೆ ಬೆಲೆ 1,089 ಡಾಲರ್.

2014ರ ಅಕ್ಟೋಬರ್‌ನಲ್ಲಿ ಎಎಂಡಿಗೆ ಲೀಸಾ ಸೂ ಸಿಇಒ ಆದ್ರು. 2017ರ ಮಾರ್ಚ್‌ನಲ್ಲಿ ರೈಜನ್ ಬಂತು. ರೈಜನ್ 7 1700, 8 ಕೋರ್, 329 ಡಾಲರ್. ಅದೇ ಅಕ್ಟೋಬರ್‌ನಲ್ಲಿ ಇಂಟೆಲ್ 6 ಕೋರ್‌ನ 8700ಕೆ ತಂತು, ಮರುವರ್ಷ 8 ಕೋರ್‌ನ 9900ಕೆ ತಂತು. ಹೊಸ ಚಿಪ್ ಒಂದು ರಾತ್ರಿಯಲ್ಲಿ ತಯಾರಾಗಲ್ಲ, 6 ಕೋರ್ ಕೆಲಸ ಮೊದಲೇ ನಡೀತಿತ್ತು ಅನ್ನೋದು ನಿಜ. ಆದ್ರೂ ಆರು ವರ್ಷ ಅಲುಗಾಡದ ಸಂಖ್ಯೆ ಎರಡೇ ವರ್ಷದಲ್ಲಿ ದುಪ್ಪಟ್ಟು ಆಯ್ತು.

ಇದನ್ನ ಕೇಳಿ ಎಎಂಡಿ ಬಡವರ ಬಂಧು ಅಂದ್ಕೋಬೇಡಿ. 2020ರ ನವೆಂಬರ್‌ನಲ್ಲಿ ಎಎಂಡಿಯ ಕೈ ಮೇಲಾಗಿತ್ತು. ಆಗ ಬಂದ ರೈಜನ್ 5 5600ಎಕ್ಸ್ ಬೆಲೆ 299 ಡಾಲರ್. ಅದರ ಹಿಂದಿನ 3600ಎಕ್ಸ್ 249ಕ್ಕೆ ಬಂದಿತ್ತು. ಜನ ಇಷ್ಟಪಟ್ಟಿದ್ದ 199 ಡಾಲರ್‌ನ 3600 ಜಾಗಕ್ಕೆ ಹೊಸ ಚಿಪ್ ಬರಲೇ ಇಲ್ಲ. 2021ರ ಕೊನೆ, 2022ರ ಮೊದಲಲ್ಲಿ ಇಂಟೆಲ್ 12ನೇ ಪೀಳಿಗೆಯ ಕಡಿಮೆ ಬೆಲೆ ಚಿಪ್‌ಗಳನ್ನ ಇಳಿಸ್ತು. 2022ರ ಏಪ್ರಿಲ್‌ಗೆ ಎಎಂಡಿ 199 ಡಾಲರ್‌ಗೆ 5600 ತಂತು. ಗಲ್ಲಾಪೆಟ್ಟಿಗೆ ಮುಂದೆ ಕೂತವರು ಬದಲಾಗಿದ್ರು, ಅಷ್ಟೆ.

ಈಗ ಎಲ್ಲಿದ್ದೀವಿ

2024ರಲ್ಲಿ ಇಂಟೆಲ್‌ಗೆ ಕೆಟ್ಟ ಕಾಲ. ತನ್ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ವೋಲ್ಟೇಜ್ ಸಮಸ್ಯೆಯಿಂದ ಅಸ್ಥಿರ ಆಗ್ತಿವೆ ಅಂತ ಅದೇ ಒಪ್ಪಿಕೊಂಡು, ವಾರಂಟಿ ಎರಡು ವರ್ಷ ಹೆಚ್ಚಿಸ್ತು. ಡಿಸೆಂಬರ್‌ನಲ್ಲಿ ಸಿಇಒ ಪ್ಯಾಟ್ ಗೆಲ್ಸಿಂಗರ್ ಹೊರಟ್ರು. 2025ರಲ್ಲಿ ಅಮೆರಿಕ ಸರ್ಕಾರವೇ ಇಂಟೆಲ್‌ನಲ್ಲಿ ಸುಮಾರು 10 ಶೇಕಡಾ ಪಾಲು ತಗೊಳ್ತು. ಹತ್ತು ವರ್ಷದ ಹಿಂದೆ ಮುಳುಗೋ ಹಡಗು ಅನಿಸಿಕೊಂಡಿದ್ದು ಎಎಂಡಿ. ಈಗ ಎಲ್ಲರ ಕಣ್ಣು ಇಂಟೆಲ್ ಮೇಲಿದೆ.

ನನಗೆ ಇದರಲ್ಲಿ ಚಿಂತೆ ತರೋ ವಿಷಯ ಇನ್ನೊಂದಿದೆ. ಎಎಂಡಿಯ ರೈಜನ್ ಕೋರ್‌ಗಳು 2019ರಿಂದ ತೈವಾನ್‌ನ ಟಿಎಸ್‌ಎಂಸಿ ಫ್ಯಾಕ್ಟರಿಯಲ್ಲಿ ತಯಾರಾಗ್ತಿವೆ. 2024ರ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ ಡೆಸ್ಕ್‌ಟಾಪ್ ಚಿಪ್‌ಗಳ ಮುಖ್ಯ ಭಾಗವನ್ನೂ ಅಲ್ಲೇ ಮಾಡಿಸಿದ್ದು. ಅಂಗಡಿ ಎರಡು, ಗೋಡೌನ್ ಒಂದೇ. ಐಬಿಎಂ 1981ರಲ್ಲಿ ಹೆದರಿದ್ದು ಇಂಥದ್ದಕ್ಕೇ. ಇಂಟೆಲ್ ಸ್ವಂತ ಫ್ಯಾಕ್ಟರಿ ಸುಧಾರಿಸಿಕೊಳ್ಳೋದು ಎಎಂಡಿ ಅಭಿಮಾನಿಗಳಿಗೂ ಯಾಕೆ ಮುಖ್ಯ ಅಂದ್ರೆ ಇದಕ್ಕೇ.

ಇದು ಯಾವುದೋ ದೂರದೇಶದ ಕಥೆ ಅಲ್ಲ. ಎರಡೂ ಕಂಪನಿಗಳಿಗೆ ಬೆಂಗಳೂರಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳಿವೆ. ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನ 2023ರ ನವೆಂಬರ್‌ನಲ್ಲಿ ತೆರೆದಿದ್ದು ಇಲ್ಲೇ. ಈ ಕಂಪನಿಗಳ ಏರಿಳಿತ ಎಸ್‌ಪಿ ರೋಡ್‌ನ ಗಿರಾಕಿಗೆ ಎಷ್ಟು ಮುಟ್ಟುತ್ತೋ, ಕೆಲಸ ಹುಡುಕ್ತಿರೋ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೂ ಅಷ್ಟೇ ಮುಟ್ಟುತ್ತೆ.

ಹಾಗಾದ್ರೆ ಕಾಯೋದಾ, ಬೇಡ್ವಾ?

ಈ ತಿಂಗಳೇ ಕೆಲಸಕ್ಕೆ ಕಂಪ್ಯೂಟರ್ ಬೇಕಿದ್ರೆ ಕಾಯಬೇಡಿ. ತೇಜಸ್‌ಗೆ ಕಾದವರಿಗೆ ಚಿಪ್ಪೇ ಬರಲಿಲ್ಲ, ಬುಲ್ಡೋಜರ್‌ಗೆ ಕಾದವರಿಗೆ ಬಂದಿದ್ದು ನಿರಾಸೆ. ತುರ್ತಿಲ್ಲ ಅಂದ್ರೆ ಕಾಯಿರಿ, ಆದ್ರೆ ಬಿಡುಗಡೆ ದಿನದ ಜಾಹೀರಾತು ನೋಡಿ ದುಡ್ಡು ಕೊಡಬೇಡಿ. ಬೇರೆ ಬೇರೆ ಜನ ತಾವೇ ಪರೀಕ್ಷೆ ಮಾಡಿ ಹಾಕೋ ಫಲಿತಾಂಶ ಬರಲಿ.

ಎರಡನೇದು, ಚಿಪ್ ಬೆಲೆ ಒಂದೇ ನೋಡಬೇಡಿ. ಮದರ್‌ಬೋರ್ಡ್, ರ್‍ಯಾಮ್ ಎಲ್ಲ ಸೇರಿಸಿ ಕೂಡಿ. 2017ರಲ್ಲಿ ಎಎಂ4 ಬೋರ್ಡ್ ತಗೊಂಡ ಎಷ್ಟೋ ಜನ 2022ರ ಚಿಪ್ಪನ್ನ ಬರೀ ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ ಕೂರಿಸಿದ್ರು. ಈಗಿನ ಎಎಂ5ಗೆ ಕನಿಷ್ಠ 2027ರವರೆಗೆ ಬೆಂಬಲ ಅಂತ ಎಎಂಡಿ ಹೇಳಿದೆ. ಇಂಟೆಲ್‌ನ ಹೊಸ ಚಿಪ್ ತಗೊಳ್ಳೋದಾದ್ರೆ ಬೋರ್ಡ್ ಬದಲಾಯಿಸ್ಬೇಕಾ ಅಂತ ಅಂಗಡಿಯಲ್ಲಿ ಮೊದಲು ಕೇಳಿ.

ಮೂರನೇದು, ಕಾಮೆಂಟ್‌ನಲ್ಲಿ ಕೂತು ಕಂಪನಿ ಪರ ಜಗಳ ಮಾಡೋರಿಗೆ. ನಿಮಗಿಷ್ಟದ ಕಂಪನಿ ಎದುರಾಳಿಯನ್ನ ಪೂರ್ತಿ ಮುಗಿಸಿಬಿಡಲಿ ಅಂತ ಆಸೆಪಡಬೇಡಿ. ಹಾಗೆ ಆದ ದಿನ ನಮ್ಮ ಪಾಲಿಗೆ ಮತ್ತೆ ಆರು ವರ್ಷ ಅದೇ 4 ಕೋರ್. ನೋವಾ ಲೇಕ್ ಚೆನ್ನಾಗಿ ಬರಲಿ, ಝೆನ್ 6 ಕೂಡ ಚೆನ್ನಾಗಿ ಬರಲಿ. ಯಾವುದು ನಮ್ಮ ಬಜೆಟ್‌ಗೆ ಹೊಂದುತ್ತೋ ಅದನ್ನ ತಗೊಂಡ್ರಾಯ್ತು.

ಮುಂದಿನ ವಾರ ಮತ್ತೆ ಸಿಗೋಣ. ನಿಮ್ಮ ಮನೆಯ ಮೊದಲ ಕಂಪ್ಯೂಟರ್‌ನಲ್ಲಿ ಯಾವ ಪ್ರೊಸೆಸರ್ ಇತ್ತು ಅಂತ ಬರೆದು ಕಳಿಸಿ.