ತದಡಿಯಿಂದ ಇಸ್ತಾಂಬುಲ್‌ಗೆ: ಟಿಪ್ಪು ಕಾಲದ ಮೈಸೂರಿನ ವಿದೇಶಾಂಗ ನೀತಿ, 1784–1799

1786ರ ಮಾರ್ಚ್‌ನಲ್ಲಿ ಕುಮಟಾ ಬಳಿಯ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಪಡುವಣ ಸಮುದ್ರಕ್ಕಿಳಿದವು. ಅಘನಾಶಿನಿ ಕಡಲು ಸೇರುವ ಆ ಅಳಿವೆಯಿಂದ ಅಂದು ಹೊರಟವರು ಸುಮಾರು ಒಂಬೈನೂರು ಮಂದಿ. ಅವರಲ್ಲಿ ನಾಲ್ವರು ರಾಯಭಾರಿಗಳು: ಗುಲಾಂ ಅಲಿ ಖಾನ್, ನೂರುಲ್ಲಾ ಖಾನ್, ಲುತ್ಫ್ ಅಲಿ ಬೇಗ್ ಮತ್ತು ಜಾಫರ್ ಖಾನ್. ಉಳಿದವರು ಮುನ್ಷಿಗಳು, ಸಿಪಾಯಿಗಳು, ಪರಿಚಾರಕರು. ಹಡಗುಗಳಲ್ಲಿ ಗಂಧದ ಕೊರಡು, ಕಾಳುಮೆಣಸು, ಏಲಕ್ಕಿ, ಬಟ್ಟೆಬರೆಗಳಿದ್ದವು. ಕಾಣಿಕೆಗೆಂದು ಆನೆಗಳೂ ಇದ್ದವು. ಮೊದಲ ಗುರಿ ಆಟೋಮನ್ ಸುಲ್ತಾನನ ರಾಜಧಾನಿ ಇಸ್ತಾಂಬುಲ್. ಅಲ್ಲಿಂದ ಮುಂದೆ ಪ್ಯಾರಿಸ್‌ಗೂ ಲಂಡನ್‌ಗೂ ಹೋಗಬೇಕೆಂಬುದು ಮೂಲ ಆದೇಶ.

ಮೈಸೂರಿನ ದೊರೆ ಟಿಪ್ಪು ಸುಲ್ತಾನ್ ಕಳಿಸಿದ ಈ ರಾಯಭಾರವನ್ನು ಇತಿಹಾಸಕಾರರು ಸಾಮಾನ್ಯವಾಗಿ ಇಂಗ್ಲಿಷರ ವಿರುದ್ಧ ಮಿತ್ರರನ್ನು ಹುಡುಕಿದ ಪ್ರಯತ್ನವೆಂದು, ಸೋತ ಪ್ರಯತ್ನವೆಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಸಾಲದು. ಇಂಗ್ಲಿಷರೊಡನೆ ಆದ 1784ರ ಮಂಗಳೂರು ಒಪ್ಪಂದದಿಂದ 1799ರ ಪತನದವರೆಗೆ ರಾಜಧಾನಿ ಶ್ರೀರಂಗಪಟ್ಟಣ ಹೊರದೇಶಗಳೊಡನೆ ನಡೆಸಿದ ವ್ಯವಹಾರವನ್ನು ಒಟ್ಟಾಗಿ ನೋಡಿದರೆ ಅದರಲ್ಲಿ ಎರಡು ಎಳೆಗಳು ಕಾಣುತ್ತವೆ. ಒಂದು, ದೊಡ್ಡ ದರಬಾರುಗಳಿಗೆ ಕಳಿಸಿದ ಆಡಂಬರದ ರಾಯಭಾರ. ಇನ್ನೊಂದು, ಮಸ್ಕತ್‌ನಂಥ ಬಂದರುಗಳಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆದ ವ್ಯಾಪಾರದ ರಾಜತಂತ್ರ. ಮೊದಲನೆಯದು ಕೈಗೂಡಲಿಲ್ಲ, ಎರಡನೆಯದು ಫಲ ಕೊಟ್ಟಿತು. ಆದರೆ ರಾಜ್ಯದ ಅಳಿವು ಉಳಿವು ತೀರ್ಮಾನವಾದದ್ದು ಇವೆರಡರಲ್ಲೂ ಅಲ್ಲ, ಮರಾಠರ ಪುಣೆ ಮತ್ತು ನಿಜಾಮನ ಹೈದರಾಬಾದಿನಲ್ಲಿ. ಈ ಲೇಖನದ ವಾದ ಇಷ್ಟು.

ಆಕರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಟಿಪ್ಪುವಿನ ಪತ್ರಗಳಲ್ಲಿ ನಮಗೆ ಸುಲಭವಾಗಿ ಸಿಗುವುದು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಆಯ್ಕೆ. ಅವನು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಹೈದರಾಬಾದಿನಲ್ಲಿ ರೆಸಿಡೆಂಟ್ ಆಗಿದ್ದವನು. ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಗೆದ್ದವರ ಕೈಸೇರಿದ ಕಾಗದಗಳಿಂದ ಅವನು ಆರಿಸಿದ. ಅವನ ಟಿಪ್ಪಣಿಗಳಲ್ಲಿ ಹಗೆತನ ಢಾಳಾಗಿಯೇ ಇದೆ. ಅದಕ್ಕೆ ಎದುರಾಗಿ ಇಡಬಹುದಾದ ಆಕರವೆಂದರೆ ಇಸ್ತಾಂಬುಲ್ ರಾಯಭಾರದ ಜತೆಗಿದ್ದ ಮುನ್ಷಿ ಖ್ವಾಜಾ ಅಬ್ದುಲ್ ಖಾದಿರ್ ಪಾರಸಿಯಲ್ಲಿ ಬರೆದಿಟ್ಟ ದಿನಚರಿ, ‘ವಕಾಯಿ ಮನಾಜಿಲ್ ಇ ರೂಮ್’. ಇದನ್ನು ಇತಿಹಾಸಕಾರ ಮೊಹಿಬ್ಬುಲ್ ಹಸನ್ 1968ರಲ್ಲಿ ಸಂಪಾದಿಸಿ ಹೊರತಂದರು. ರಾಯಭಾರಿಗಳಿಗೆ ಕೊಟ್ಟ ಲಿಖಿತ ಆದೇಶಗಳು, ಅಂದರೆ ಹುಕುಂನಾಮೆಗಳೂ ಉಳಿದಿವೆ. ಗೆದ್ದವನ ಆಯ್ಕೆಯನ್ನು ಈ ಎರಡರ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಚಿತ್ರ ಸರಿಯಾಗಿ ಕೂಡಿಬರುತ್ತದೆ.

ಬೇಡಿಕೆಗಳ ಪಟ್ಟಿ

ಹುಕುಂನಾಮೆಗಳನ್ನು ಓದುವವರಿಗೆ ಮೊದಲು ಹೊಳೆಯುವುದು ಅವುಗಳ ವ್ಯಾಪ್ತಿ. ಆಟೋಮನ್ ಸುಲ್ತಾನ ಸೈನ್ಯ ಕಳಿಸಬೇಕು, ಖರ್ಚು ಮೈಸೂರಿನದು. ಬಸ್ರಾ ಬಂದರನ್ನು ಮೈಸೂರಿಗೆ ಗುತ್ತಿಗೆಗೆ ಕೊಡಬೇಕು, ಪ್ರತಿಯಾಗಿ ಮಂಗಳೂರಿನಲ್ಲಿ ತುರ್ಕರಿಗೆ ಅನುಕೂಲ ಮಾಡಿಕೊಡಲಾಗುವುದು. ಬಂದೂಕು ಮಾಡುವವರು, ತೋಪು ಎರಕ ಹೊಯ್ಯುವವರು, ಗಾಜು ಮತ್ತು ಪಿಂಗಾಣಿ ಕೆಲಸದವರು, ಗಡಿಯಾರ ಮಾಡುವವರು ಬೇಕು. ನಜಫ್‌ನ ಯಾತ್ರಿಕರಿಗಾಗಿ ಯೂಫ್ರೆಟಿಸ್ ನದಿಯಿಂದ ಕಾಲುವೆ ತೆಗೆಸುವ ಪ್ರಸ್ತಾಪವೂ ಇದೆ. ಕಾವೇರಿ ಕಣಿವೆಯ ದೊರೆಯೊಬ್ಬ ಇರಾಕಿನ ಮರಳುನೆಲದಲ್ಲಿ ನಾಲೆ ತೋಡಿಸುತ್ತೇನೆ ಎಂದದ್ದು ಬರಿಯ ಧರ್ಮಕಾರ್ಯವಲ್ಲ. ಪುಣ್ಯಕ್ಷೇತ್ರದಲ್ಲಿ ಹೆಸರು ಗಳಿಸಿದ ರಾಜನಿಗೆ ಬಸ್ರಾದ ದಾರಿ ಸುಗಮವಾಗುತ್ತಿತ್ತು.

ಇದರ ಹಿಂದೆ ಮಾನ್ಯತೆಯ ಪ್ರಶ್ನೆಯೂ ಇತ್ತು. ಹೈದರ್ ಮತ್ತು ಟಿಪ್ಪು ರಾಜ್ಯವನ್ನು ಪಡೆದದ್ದು ವಂಶದಿಂದಲ್ಲ, ತೋಳಬಲದಿಂದ. ದಿಲ್ಲಿಯ ಮೊಘಲ್ ಬಾದಶಹನ ಸನ್ನದು ಸಿಗುವಂತಿರಲಿಲ್ಲ, ಪುಣೆ ಮತ್ತು ಹೈದರಾಬಾದಿನವರು ಅವರನ್ನು ಸರೀಕರೆಂದು ಒಪ್ಪುತ್ತಿರಲಿಲ್ಲ. ಖಲೀಫನ ಸ್ಥಾನದಲ್ಲಿದ್ದ ಇಸ್ತಾಂಬುಲ್‌ನ ಸುಲ್ತಾನನಿಂದ ಮನ್ನಣೆ ಬಂದರೆ ಆ ಕೊರತೆ ನೀಗುತ್ತಿತ್ತು. ಬಿರುದು ಮತ್ತು ನಾಣ್ಯ ಟಂಕಿಸುವ ಹಕ್ಕಿನ ಮನ್ನಣೆ ಕೊನೆಗೆ ಬಂತು. ಇಡೀ ಯಾತ್ರೆಯಿಂದ ಕೈಗೆ ಬಂದ ದೊಡ್ಡ ಫಲ ಅದೊಂದೇ.

ಉಳಿದದ್ದು ಏಕೆ ಸಿಗಲಿಲ್ಲ? ಮಸ್ಕತ್, ಬುಶೇರ್, ಬಸ್ರಾ, ಬಾಗ್ದಾದ್ ದಾಟಿ ರಾಯಭಾರಿಗಳು ಇಸ್ತಾಂಬುಲ್ ತಲುಪಿದ್ದು 1787ರ ಸೆಪ್ಟೆಂಬರ್‌ನಲ್ಲಿ. ಹಾದಿಯಲ್ಲಿ ಬಿರುಗಾಳಿಗೂ ಬೆಂಕಿಗೂ ಹಡಗುಗಳು ಬಲಿಯಾಗಿದ್ದವು, ಆನೆಗಳು ಸತ್ತಿದ್ದವು. ಅವರು ತಲುಪುವ ಕೆಲವೇ ದಿನ ಮೊದಲು, ಆಗಸ್ಟ್‌ನಲ್ಲಿ, ಆಟೋಮನ್ ಸಾಮ್ರಾಜ್ಯ ರಷ್ಯಾದ ಮೇಲೆ ಯುದ್ಧ ಸಾರಿತ್ತು. ಸುಲ್ತಾನ್ ಒಂದನೆಯ ಅಬ್ದುಲ್ ಹಮೀದ್‌ಗೆ ಆಗ ಯೂರೋಪಿನಲ್ಲಿ ಬ್ರಿಟನ್ನಿನ ಒಲವು ಬೇಕಿತ್ತು. ಅಂಥ ಹೊತ್ತಿನಲ್ಲಿ ಬ್ರಿಟಿಷರ ವಿರುದ್ಧ ಸೈನ್ಯ ಕೊಡಿ ಎಂದು ಕೇಳಿದರೆ ಯಾರು ಕೊಟ್ಟಾರು? ಅಲ್ಲಿದ್ದ ಬ್ರಿಟಿಷ್ ರಾಯಭಾರಿ ರಾಬರ್ಟ್ ಐನ್ಸ್‌ಲಿ ಈ ಅತಿಥಿಗಳ ಚಲನವಲನದ ವರದಿಯನ್ನು ಲಂಡನ್ನಿಗೆ ಕಳಿಸುತ್ತಲೇ ಇದ್ದ. ಮೈಸೂರಿನವರನ್ನು ಪ್ಲೇಗು ಬೇರೆ ಕಾಡಿತು. ಗುಲಾಂ ಅಲಿ ಖಾನ್ ಅಲೆಕ್ಸಾಂಡ್ರಿಯಾ, ಕೈರೋ, ಮೆಕ್ಕಾ ಹಾದು 1789ರ ಕೊನೆಗೆ ಮಲಬಾರಿನ ದಡ ಮುಟ್ಟುವಾಗ ಜತೆಗೆ ಹೊರಟವರಲ್ಲಿ ಬಹುತೇಕರು ಇರಲಿಲ್ಲ. ತಾಯ್ನಾಡಿನ ನೆಲ ಕಾಣದೆ ಸತ್ತ ಆ ನೂರಾರು ಜನರ ಹೆಸರು ಯಾವ ಚರಿತ್ರೆಯ ಪುಸ್ತಕದಲ್ಲೂ ಇಲ್ಲ.

ಫ್ರಾನ್ಸಿನ ಕತೆಯೂ ಹೀಗೆಯೇ. ಇಸ್ತಾಂಬುಲ್ ತಂಡ ತಡವಾದದ್ದರಿಂದ ಟಿಪ್ಪು ಪ್ರತ್ಯೇಕ ರಾಯಭಾರವನ್ನು 1787ರ ಜುಲೈನಲ್ಲಿ ಪುದುಚೇರಿಯಿಂದ ಕಳಿಸಿದ: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. 1788ರ ಜೂನ್‌ನಲ್ಲಿ ಅವರು ತೂಲೋನ್ ಬಂದರಿನಲ್ಲಿಳಿದರು. ಪ್ಯಾರಿಸ್ ಮರುಳಾಯಿತು, ಚಿತ್ರಕಾರ್ತಿ ವಿಜೆ ಲೆಬ್ರೂನ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ಬರಮಾಡಿಕೊಂಡ. ಆಗಸ್ಟ್ 16ರಂದು ಫ್ರೆಂಚ್ ಖಜಾನೆ ಸಾಲದ ಕಂತುಗಳಿಗೆ ಪೂರ್ಣ ನಗದು ಕೊಡಲಾಗದೆಂದು ಘೋಷಿಸಿತು. ನಡುವೆ ಇದ್ದದ್ದು ಆರೇ ದಿನ. ದಿವಾಳಿಯ ಅಂಚಿನಲ್ಲಿದ್ದ ಆ ದೊರೆ ಸೈನ್ಯ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕುಶಲಕರ್ಮಿಗಳು, ಸಸ್ಯಬೀಜಗಳು ಮತ್ತು ಸೆವ್ರ್ ಪಿಂಗಾಣಿಯ ಉಡುಗೊರೆ ಕೊಟ್ಟು ಕಳಿಸಿದ.

ಮಸ್ಕತ್‌ನ ಕೋಠಿ

ಆಡಂಬರವನ್ನು ಬಿಟ್ಟು ವ್ಯಾಪಾರದತ್ತ ತಿರುಗಿದರೆ ಬೇರೆಯೇ ಮೈಸೂರು ಕಾಣುತ್ತದೆ. ನನಗೆ ಈ ಅವಧಿಯ ಅತ್ಯಂತ ಬೆಲೆಯುಳ್ಳ ಭಾಗ ಇದೇ. ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು, ಅದರ ಮೇಲ್ವಿಚಾರಕ ದಾರೋಗನಾಗಿ ಮೀರ್ ಕಾಜಿಂ ಇದ್ದ. ಭಾಟಿಯಾ ವರ್ತಕ ಮಾವ್‌ಜಿ ಸೇಠ್ ಅಲ್ಲಿ ಮೈಸೂರಿನ ಪರವಾಗಿ ವ್ಯವಹರಿಸುತ್ತಿದ್ದ. ಬೇರೆಯವರು ತೆರುತ್ತಿದ್ದ ಸುಂಕ ಶೇ. 10, ಮೈಸೂರಿನ ಸರಕಿಗೆ ಶೇ. 6. ಓಮಾನಿಗೆ ಮಂಗಳೂರಿನ ಅಕ್ಕಿಯಿಲ್ಲದೆ ನಡೆಯುವಂತಿರಲಿಲ್ಲ. ಮೈಸೂರಿಗೆ ಕೊಲ್ಲಿಯ ಕುದುರೆ ಬೇಕಿತ್ತು. ಇಬ್ಬರಿಗೂ ಲಾಭವಿದ್ದ ಸಂಬಂಧಕ್ಕೆ ಬಿರುದಾವಳಿಯ ಹಂಗಿರಲಿಲ್ಲ.

ದಾರೋಗನಿಗೆ ಹೋದ ಪತ್ರಗಳಲ್ಲಿ ದೊರೆಯ ದನಿಗಿಂತ ಎಚ್ಚರದ ವರ್ತಕನ ದನಿ ಹೆಚ್ಚು. ಗಂಧ, ಮೆಣಸುಗಳನ್ನು ಬೆಲೆ ನೋಡಿ ಮಾರಬೇಕು. ಕೇಸರಿಯ ಬೀಜ ಕಳಿಸಬೇಕು. ಪಿಸ್ತಾ ಬೀಜ ಬೇಕು. ರೇಷ್ಮೆಹುಳು, ಅದರ ಮೊಟ್ಟೆ ಮತ್ತು ಸಾಕಬಲ್ಲವರನ್ನು ಹುಡುಕಿ ಕಳಿಸಬೇಕು. ಮುತ್ತು ತೆಗೆಯುವ ಮುಳುಗುಗಾರರು ಸಿಕ್ಕರೆ ಅವರನ್ನೂ ಕರೆತರಬೇಕು. ಬಂಗಾಳದಿಂದ ಹುಳು ತರಿಸಿದ ಪ್ರಯತ್ನ ಎಲ್ಲರಿಗೂ ಗೊತ್ತು. ಮೈಸೂರು ರೇಷ್ಮೆಯ ಆರಂಭದ ಕತೆಯಲ್ಲಿ ಮಸ್ಕತ್‌ಗೂ ಒಂದು ಜಾಗ ಕೊಡಬೇಕು. ಕಛ್‌ನ ಮುಂದ್ರಾದಲ್ಲೂ ಕೋಠಿ ಇತ್ತು. 1793–94ರ ವಾಣಿಜ್ಯ ನಿಯಮಾವಳಿ ಈ ಏರ್ಪಾಟನ್ನು ಇನ್ನಷ್ಟು ಬಂದರುಗಳಿಗೆ ವಿಸ್ತರಿಸುವ ಯೋಜನೆ ಹಾಕಿತು. ಯೂರೋಪಿನ ಕಂಪನಿಗಳು ಏಕೆ ಬಲಿತವು ಎಂಬುದನ್ನು ಆ ಕಾಲದ ಭಾರತೀಯ ಅರಸರಲ್ಲಿ ಇಷ್ಟು ಸ್ಪಷ್ಟವಾಗಿ ಗುರುತಿಸಿ, ಸರ್ಕಾರದ ಕಡೆಯಿಂದಲೇ ಅದಕ್ಕೆ ಉತ್ತರ ಕಟ್ಟಲು ಹೊರಟವರು ವಿರಳ. ಆದರೆ 1792ರಲ್ಲಿ ಮಲಬಾರ್ ಕೈತಪ್ಪಿದಾಗ ಮೆಣಸಿನ ಮೂಲವೇ ಹೋಯಿತು. ನಿಯಮಾವಳಿ ಬಂದದ್ದು ಅದಾದ ಮೇಲೆ.

ನೆರೆಹೊರೆ

ತದಡಿಯಿಂದ ಹಡಗು ಹೊರಟ ಎರಡೇ ತಿಂಗಳಲ್ಲಿ, 1786ರ ಮೇನಲ್ಲಿ, ಮರಾಠರ ಮತ್ತು ನಿಜಾಮನ ಸೈನ್ಯಗಳು ಸೇರಿ ಬಾದಾಮಿಯನ್ನು ಹಿಡಿದವು. ಜಗಳ ಹೊತ್ತಿಕೊಂಡದ್ದು ನರಗುಂದದಿಂದ. ಅಲ್ಲಿನ ದೇಸಾಯಿಯ ಮೇಲೆ 1785ರಲ್ಲಿ ಟಿಪ್ಪು ಮುತ್ತಿಗೆ ಹಾಕಿದ್ದು ಪುಣೆಯನ್ನು ಕೆರಳಿಸಿತ್ತು. 1787ರ ಗಜೇಂದ್ರಗಡ ಒಪ್ಪಂದ ಯುದ್ಧವನ್ನು ನಿಲ್ಲಿಸಿತು, ಅಪನಂಬಿಕೆಯನ್ನು ನಿಲ್ಲಿಸಲಿಲ್ಲ. ಪುಣೆಯಲ್ಲಿ ಕಂಪನಿಯ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್ ಮರಾಠರ ಮಂತ್ರಿ ನಾನಾ ಫಡ್ನವೀಸನ ದರಬಾರಿನಲ್ಲಿ ಬೇರೂರಿದ್ದ. ಹೈದರಾಬಾದಿನಲ್ಲಿ ಜಾನ್ ಕೆನ್ನವೇ ಇದ್ದ. 1790ರ ಜೂನ್ ಮತ್ತು ಜುಲೈನಲ್ಲಿ ಎರಡೂ ದರಬಾರುಗಳು ಟಿಪ್ಪುವಿನ ವಿರುದ್ಧ ಕಂಪನಿಯೊಡನೆ ಮೈತ್ರಿಗೆ ಸಹಿ ಹಾಕಿದವು. 1792ರ ಮಾರ್ಚ್‌ನಲ್ಲಿ ಯುದ್ಧದಲ್ಲಿ ಸೋತ ಮೈಸೂರಿನ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾದರು. ಆ ಸಂಧಾನಕ್ಕೆ ಕುಳಿತ ಮೈಸೂರಿನ ವಕೀಲರಲ್ಲಿ ಒಬ್ಬ ಇಸ್ತಾಂಬುಲ್‌ನಿಂದ ಮರಳಿದ ಗುಲಾಂ ಅಲಿ ಖಾನನೇ. ನಡೆಯಲಾರದ ಅವನನ್ನು ಬೆಳ್ಳಿಯ ಕುರ್ಚಿಯಲ್ಲಿ ಹೊತ್ತು ತರುತ್ತಿದ್ದರು.

ಎರಡು ಪದ್ಧತಿಗಳ ಅಂತರ ಇಲ್ಲಿದೆ. ಮೈಸೂರಿನ ದೊಡ್ಡ ರಾಯಭಾರ ಹೋಗಿ ಬರಲು ಎರಡರಿಂದ ನಾಲ್ಕು ವರ್ಷ ಹಿಡಿಯುತ್ತಿತ್ತು. ಕಂಪನಿಯ ರೆಸಿಡೆಂಟ್ ಕುಳಿತಲ್ಲೇ ಕುಳಿತು ಪ್ರತಿ ವಾರದ ಸುದ್ದಿ ಬರೆಯುತ್ತಿದ್ದ. ಪುಣೆಯಲ್ಲಿ ಮೈಸೂರಿಗೂ ವಕೀಲರಿದ್ದರು ನಿಜ, ಆದರೆ ಅವರ ಮಾತಿಗೆ ಬೆಲೆ ಬರುವಂತೆ ಶ್ರೀರಂಗಪಟ್ಟಣ ನಡೆದುಕೊಳ್ಳಲಿಲ್ಲ. ಗಡಿಯ ಒಂದು ಕೋಟೆಗಾಗಿ ಪುಣೆಯನ್ನು ಎದುರು ಹಾಕಿಕೊಂಡು ಸಾವಿರಾರು ಮೈಲಿ ದೂರದ ಸೈನ್ಯವನ್ನು ನೆಚ್ಚಿದ್ದು ಟಿಪ್ಪುವಿನ ವಿದೇಶಾಂಗ ನೀತಿಯ ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

1792ರ ನಂತರದ ಪ್ರಯತ್ನಗಳಲ್ಲಿ ಅವಸರ ಕಾಣುತ್ತದೆ. 1796ರಲ್ಲಿ ಕಾಬೂಲಿನ ಜಮಾನ್ ಶಾಹನ ಬಳಿಗೆ ದೂತರು ಹೋದರು. ಶಾಹ ಲಾಹೋರಿನವರೆಗೆ ಬಂದನಾದರೂ ತನ್ನ ರಾಜ್ಯದ ಕಲಹಕ್ಕೆ ಹೆದರಿ ಹಿಂದಿರುಗಿದ. 1798ರ ಜನವರಿಯಲ್ಲಿ ಇಬ್ಬರು ದೂತರು ಗುಟ್ಟಾಗಿ ಮಾರಿಷಸ್‌ಗೆ ಹೋದರು. ಕೊಡಲು ಸೈನ್ಯವಿಲ್ಲದ ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಜನವರಿ 30ರಂದು ಸ್ವಯಂಸೇವಕರು ಬೇಕೆಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿಬಿಟ್ಟ. ಮಂಗಳೂರಿಗೆ ಬಂದವರು ಸುಮಾರು ನೂರು ಜನ. ಪ್ರಕಟಣೆಯ ಪ್ರತಿ ಕೊಲ್ಕತ್ತಕ್ಕೆ ತಲುಪಿದಾಗ, ಆಗಷ್ಟೇ ಗವರ್ನರ್ ಜನರಲ್ ಆಗಿ ಬಂದಿದ್ದ ವೆಲ್ಲೆಸ್ಲಿಗೆ ಬೇಕಾದ ಕಾರಣ ಕೈಗೆ ಸಿಕ್ಕಿತು.

ಆ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ಮೈಸೂರಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಸೆಪ್ಟೆಂಬರ್ 1ರಂದು ಹೈದರಾಬಾದಿನ ನಿಜಾಮ ಕಂಪನಿಯ ಸಹಾಯಕ ಸೈನ್ಯ ಪದ್ಧತಿಗೆ ಸಹಿ ಹಾಕಿದ, ಮುಂದಿನ ತಿಂಗಳು ಅಲ್ಲಿನ ಫ್ರೆಂಚ್ ದಳ ವಿಸರ್ಜನೆಯಾಯಿತು. ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ್ದರಿಂದ ಫ್ರಾನ್ಸಿನ ಶತ್ರುವಾದ ಸುಲ್ತಾನ್ ಮೂರನೆಯ ಸಲೀಮ್, ಸೆಪ್ಟೆಂಬರ್ 20ರಂದು ಟಿಪ್ಪುವಿಗೆ ಪತ್ರ ಬರೆದು ಫ್ರೆಂಚರ ಸ್ನೇಹ ಬಿಡಬೇಕೆಂದು ಹೇಳಿದ. ಆ ಪತ್ರವನ್ನು ಟಿಪ್ಪುವಿಗೆ ಮುಟ್ಟಿಸಿದ್ದು ವೆಲ್ಲೆಸ್ಲಿ. ಅಕ್ಟೋಬರ್ 12ರಂದು ಕಂಪನಿಯ ದೂತ ಮೆಹದಿ ಅಲಿ ಖಾನ್ ಮಸ್ಕತ್‌ನ ದೊರೆಯಿಂದ ಫ್ರೆಂಚರನ್ನು ದೂರವಿಡುವ ಕೌಲುನಾಮೆ ಬರೆಸಿಕೊಂಡ. ಆರು ವಾರಗಳಲ್ಲಿ ಹೈದರಾಬಾದ್, ಇಸ್ತಾಂಬುಲ್, ಮಸ್ಕತ್ ಮೂರೂ ಹೋದವು. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಬರೆದ ಪತ್ರ ಜಿದ್ದಾದಲ್ಲಿ ಇಂಗ್ಲಿಷ್ ಅಧಿಕಾರಿಯ ಕೈಗೆ ಬಿತ್ತು. ಅದು ಶ್ರೀರಂಗಪಟ್ಟಣ ಮುಟ್ಟಲೇ ಇಲ್ಲ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತ ಸತ್ತ.

ಇವತ್ತು ಟಿಪ್ಪುವಿನ ಹೆಸರೆತ್ತಿದರೆ ಹೊಗಳಿಕೆ, ತೆಗಳಿಕೆಗಳ ಗದ್ದಲದಲ್ಲಿ ಈ ಕಾಗದಪತ್ರಗಳ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಕನ್ನಡದ ನೆಲದಿಂದ ಹೊರಟ ಒಂದು ಸರ್ಕಾರ ಹದಿನೈದು ವರ್ಷ ಜಗತ್ತಿನೊಡನೆ ನೇರವಾಗಿ ಮಾತಾಡಿತ್ತು. ಅದು ನಿಂತ ದಿನಾಂಕವೂ ದಾಖಲೆಯಲ್ಲಿದೆ. 1799ರ ಜುಲೈ 8ರಂದು, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಂಪನಿ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತು ಸೇರಿತು: ಕಂಪನಿಗೆ ಮೊದಲೇ ತಿಳಿಸಿ ಅನುಮತಿ ಪಡೆಯದೆ ಮೈಸೂರು ಯಾವ ಹೊರರಾಜ್ಯದೊಡನೆಯೂ ಪತ್ರವ್ಯವಹಾರ ಮಾಡುವಂತಿಲ್ಲ.