ಬಳ್ಳಾರಿ ಸೀಮೆಯಲ್ಲಿ ಬಾಣಂತಿಮರಣ: ಒಂದು ಐತಿಹಾಸಿಕ ಅವಲೋಕನ

ಅರಸರ ಯುದ್ಧಸಂಧಿಗಳನ್ನು ವಿವರಿಸುವ ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಹೆರಿಗೆಯಲ್ಲಿ ಮಡಿದ ತಾಯಂದಿರಿಗೆ ಸ್ಥಾನ ದೊರೆತುದು ವಿರಳ. ಆದರೆ ಒಂದು ನಾಡಿನ ಆಡಳಿತದ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ನಿಷ್ಠುರವಾದ ಅಳತೆಗೋಲು ಬೇರೆ ಇಲ್ಲ.

1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿಯು ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಮದರಾಸು ನಗರದಲ್ಲಿ 1844ರಲ್ಲಿಯೇ ಹೆರಿಗೆ ಆಸ್ಪತ್ರೆ ಸ್ಥಾಪಿತವಾಯಿತು. 1926ರಲ್ಲಿ ದಾದಿಯರನ್ನೂ ಪ್ರಸೂತಿಕೆಯರನ್ನೂ ಕುರಿತ ಶಾಸನವು ಜಾರಿಗೆ ಬಂದಿತು. ಆದರೆ ರಾಜಧಾನಿಯ ಶಾಸನಕ್ಕೂ ಸಿರುಗುಪ್ಪ ತಾಲ್ಲೂಕಿನ ಕರೂರಿನಂತಹ ಊರಿನ ಬಾಣಂತಿಕೋಣೆಗೂ ಬಹಳ ದೂರ. ರಕ್ತಸ್ರಾವ, ಸೂತಿಕಾಜ್ವರ, ಗರ್ಭಿಣಿಯರ ನಂಜು, ಅಡ್ಡಗಟ್ಟಿದ ಹೆರಿಗೆ, ಇವು ಮರಣದ ನೇರ ಕಾರಣಗಳು. ರಕ್ತಹೀನತೆ, ಎಳೆಯ ವಯಸ್ಸಿನ ಬಸಿರು, ದಾರಿಯ ವಿಳಂಬ, ಇವು ಹಿನ್ನೆಲೆಯ ಕಾರಣಗಳು. ಸೂಲಗಿತ್ತಿಯ ಅನುಭವವು ಸಹಜವಾದ ಹೆರಿಗೆಗೆ ಸಾಕಾಗುತ್ತಿದ್ದರೂ ನಿಲ್ಲದ ರಕ್ತಸ್ರಾವದ ಮುಂದೆ ನಿಸ್ಸಹಾಯವಾಗಿತ್ತು.

1961ರಲ್ಲಿ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 2005ರ ಜನನಿ ಸುರಕ್ಷಾ ಯೋಜನೆಯ ತರುವಾಯ ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ವೇಗವಾಗಿ ಸ್ಥಳಾಂತರಗೊಂಡಿತು. ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 2001–03ರಲ್ಲಿ 228 ಇದ್ದ ತಾಯಿಮರಣವು 2019–21ರಲ್ಲಿ 63ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ.

ಹಾಗೆಂದು ಆಸ್ಪತ್ರೆಯ ಬಾಗಿಲು ಮುಟ್ಟಿದೊಡನೆ ಅಪಾಯವು ತೀರಿತೆನ್ನಲಾಗದು. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ, ಶವಪರೀಕ್ಷೆ ಮಾಡಿ ಬಂದ ವೈದ್ಯರ ಕೈಗಳೇ ಜ್ವರವನ್ನು ಹರಡುತ್ತಿದ್ದುವೆಂದು ಸೆಮ್ಮೆಲ್‌ವೈಸ್ 1847ರಲ್ಲಿ ಕಂಡುಕೊಂಡನು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈತೊಳೆಯುವ ಕಟ್ಟಳೆಯಿಂದ, ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ಎರಡು ವಾರ್ಡುಗಳ ಮರಣಸಂಖ್ಯೆಗಳನ್ನು ಹೋಲಿಸಿ ನೋಡಿದುದೇ ಆತನ ಶೋಧಕ್ಕೆ ದಾರಿಯಾಯಿತು.

ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 2024ರ ನವೆಂಬರ್ 9ರಿಂದ 11ರವರೆಗೆ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ತಾಯಂದಿರ ಪೈಕಿ ಐವರು ಮುಂದಿನ ದಿನಗಳಲ್ಲಿ ತೀರಿಕೊಂಡರು. ನರಕ್ಕೆ ಹನಿಸುವ ರಿಂಗರ್ಸ್ ಲ್ಯಾಕ್ಟೇಟ್ ದ್ರವದ ಮೇಲೆ ಸಂಶಯವು ಬಿದ್ದಿತು. ಅದೇ ದ್ರವದ ಕೆಲವು ಬ್ಯಾಚುಗಳು ರಾಜ್ಯದ ಪರೀಕ್ಷೆಯಲ್ಲಿ ಮೊದಲೇ ಕಳಪೆಯೆಂದು ಕಂಡಿದ್ದವು. ಕೇಂದ್ರದ ಪ್ರಯೋಗಾಲಯವು ಭಿನ್ನ ನಿರ್ಣಯವನ್ನು ನೀಡಿತ್ತು. ಸರ್ಕಾರವು ಆ ದ್ರವದ ಬಳಕೆಯನ್ನು ತಡೆಹಿಡಿದು ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು.

ವಿಯೆನ್ನಾದಲ್ಲಿ ಕೈ, ಬಳ್ಳಾರಿಯಲ್ಲಿ ಸೀಸೆ: ಎರಡೆಡೆಯೂ ಶಂಕೆಯು ರಕ್ಷಿಸಬೇಕಾದ ಸಾಧನದ ಮೇಲೆಯೇ. ಆದುದರಿಂದ ತಡೆಯ ಉಪಾಯವು ಎರಡು ಬಗೆಯದು. ಮನೆಯಿಂದ ಆಸ್ಪತ್ರೆಯವರೆಗಿನ ದಾರಿಯಲ್ಲಿ ಗರ್ಭಿಣಿಯ ತಪಾಸಣೆ, ಕಬ್ಬಿಣಾಂಶದ ಮಾತ್ರೆ, ಸಕಾಲದ ವಾಹನ, ಸನ್ನದ್ಧ ರಕ್ತನಿಧಿ. ಆಸ್ಪತ್ರೆಯ ಒಳಗೆ ಶುಚಿತ್ವ, ಔಷಧದ ಕಟ್ಟುನಿಟ್ಟಾದ ಪರೀಕ್ಷೆ, ಪ್ರತಿ ಮರಣದ ನಿರ್ಭೀತ ವಿಚಾರಣೆ. ಮೊದಲನೆಯದರಲ್ಲಿ ನಾವು ಬಹುದೂರ ಸಾಗಿದ್ದೇವೆ. ಎರಡನೆಯದರಲ್ಲಿ ಸಾಗಬೇಕಾದುದು ಇನ್ನೂ ಉಳಿದಿದೆ.